ಹಿತ್ತಲು ಚೊಕ್ಕಟ ಮಾಡಿದವರು

ಬಸ್ಸಿಳಿದು ಬ್ಯಾಗು ಹೊತ್ತು ಮನೆಗೆ ಬಂದರೆ ಹಿತ್ತಲಲ್ಲಿ ಜನ ನಿಂತಿದ್ದರು. ನನ್ನ ಗಂಡ, ಅವರ ಅಕ್ಕ, ಅಕ್ಕನ ಗಂಡ, ಪಕ್ಕದ ಮನೆಯ ಮೇಷ್ಟ್ರು, ಮೇಷ್ಟ್ರ ಹೆಂಡತಿ. ನಾನು ಹಿಂಬಾಗಿಲು ದಾಟಿದ್ದೇ ತಡ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಂಗಿಯ ಬಾಣಂತನಕ್ಕೆ ಹೋಗಿದ್ದವಳು. ಹೆತ್ತವಳು ಅವಳು, ಚಪ್ಪಾಳೆ ನನಗೇಕೆ ಎಂದುಕೊಂಡೆ.

ಆಮೇಲೆ ಹಿತ್ತಲು ನೋಡಿದೆ. ತೊರೆಯ ದಂಡೆಯುದ್ದಕ್ಕೂ ಎದೆಮಟ್ಟ ಬೆಳೆದಿದ್ದ ಜೊಂಡನ್ನು ಬುಡಸಮೇತ ಕಿತ್ತು ಹಾಕಿದ್ದರು. ಬೀದಿಯ ನೀರು ನಿಂತು ಇಂಗಲೆಂದು ನಾನೇ ತೋಡಿದ್ದ ಗುಂಡಿಗೆ ಮಣ್ಣು ಸುರಿದು ಮುಚ್ಚಿದ್ದರು. ಅದರ ಮೇಲೆ, ಗೋಡೆಯಿಂದ ನೀರಿನವರೆಗೆ, ಅಂಗಡಿಯಿಂದ ತಂದ ಹುಲ್ಲುಹಾಸನ್ನು ಅಂಚಿಗೆ ಅಂಚು ಕೂಡಿಸಿ ಹಾಸಿದ್ದರು. ನಾನು ಟೈಲರ್. ಆ ಅಂಚುಗಳೂ ನೆಟ್ಟಗಿರಲಿಲ್ಲ.

"ಹೇಗಿದೆ?" ಎಂದರು ಅತ್ತಿಗೆ, ನಮ್ಮವರ ಅಕ್ಕ. ಬೀದಿಯ ಮೇಲಿನ ತುದಿಯ ಮನೆ ಅವರದು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವರು. ಅವರ ಮನೆಯ ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು ಎನ್ನುತ್ತಾರೆ, ಉಂಡರೆ ಫಿನಾಯಿಲ್ ರುಚಿ ಬರುತ್ತದೆ ಅಷ್ಟೆ. "ನಿಂಗೆ ಆ ಹೊಲಿಗೆ ಮಧ್ಯೆ ಪುರುಸೊತ್ತಿಲ್ಲ ಅಂತ ನಂಗೊತ್ತು. ಬರೀ ಗಲೀಜು, ಕೊಚ್ಚೆ, ಹುಲ್ಲು, ಹಾವು ಬೇರೆ. ನೋಡಿ ನೋಡಿ ಸಾಕಾಯ್ತು. ನಾವೇ ಸೇರಿ ಮಾಡಿಬಿಟ್ವಿ ಕಣೇ."

"ಯಾರನ್ನ ಕೇಳಿ ಮಾಡಿದ್ರಿ?"

"ಕೇಳಿದ್ರೆ ಬೇಡ ಅಂತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಬೀದಿ ಇಳಿಜಾರು, ನಮ್ಮದು ಕೊನೆಯ ಮನೆ, ಮನೆಯ ಹಿಂದೆ ತೊರೆ. ಬೀದಿ ಬದಿಯ ಚರಂಡಿ ಎಲ್ಲೋ ದೊಡ್ಡ ಪೈಪಿಗೆ ಸೇರುತ್ತದೆ, ಅಲ್ಲಿ ಯಾರೋ ಪುಣ್ಯಾತ್ಮರು ಆ ನೀರನ್ನು ತೊಳೆದು ಬಿಡುತ್ತಾರೆ ಎಂದು ಇಡೀ ಬೀದಿ ನಂಬಿದೆ. ಅದು ಸೇರುವುದು ನನ್ನ ಹಿತ್ತಲಿಗೆ. ಕಾರು ತೊಳೆದ ನೊರೆ, ಹೂದೋಟದ ಯೂರಿಯಾ, ಬಣ್ಣದ ಬ್ರಷ್ ಅದ್ದಿದ ನೀರು, ಎಲ್ಲ. ನಾನು ಈ ಮನೆಗೆ ಬಂದಾಗ ತೊರೆ ಹಸಿರು ಗಂಜಿಯಂತಿತ್ತು, ಕಿಟಕಿ ತೆಗೆಯುವಂತಿರಲಿಲ್ಲ. ಗುಂಡಿ ತೋಡಿದೆ, ಜೊಂಡು ನೆಟ್ಟೆ. ನೀರು ಗುಂಡಿಯಲ್ಲಿ ತಂಗಿ, ಜೊಂಡಿನ ಬೇರಲ್ಲಿ ಸೋಸಿಕೊಂಡು, ನಿಧಾನಕ್ಕೆ ತೊರೆಗೆ ಇಳಿಯತೊಡಗಿತು. ನಮ್ಮ ಪಾತ್ರೆ ತೊಳೆದ ನೀರನ್ನೂ ಗಿಡಗಳಿಗೇ ತಿರುಗಿಸಿದೆ. ವರ್ಷಗಳೇ ಹಿಡಿದವು. ಈ ಸಲ ಮೊದಲ ಬಾರಿಗೆ, ಊರಿಗೆ ಹೊರಡುವ ಮುನ್ನ, ದಂಡೆಯ ನೆರಳಲ್ಲಿ ಮೀನುಮರಿಗಳನ್ನು ಕಂಡಿದ್ದೆ. ಬೆರಳುಗುರಿನಷ್ಟಿದ್ದವು. ತಂಗಿಯ ಮಗುವಿನ ಪಕ್ಕ ಮಲಗಿಯೂ ಅವುಗಳನ್ನೇ ನೆನೆಸಿಕೊಂಡಿದ್ದೆ ಎಂದರೆ ತಂಗಿ ಬೈದಾಳು.

"ಮಳೆ ಬರೋದ್ರೊಳಗೆ ಗುಂಡಿ ತೋಡ್ಬೇಕು," ಎಂದೆ. "ಇವತ್ತೇ. ಇಲ್ದಿದ್ರೆ ಮರಿಗಳು ಉಳಿಯಲ್ಲ."

"ಏನ್ ಮರಿ?"

"ಮೀನುಮರಿ."

ಮೇಷ್ಟ್ರು ನಕ್ಕರು. ಅತ್ತಿಗೆ ನಗಲಿಲ್ಲ. ಅವರ ಕಣ್ಣು ತುಂಬಿತು, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. "ಬೆನ್ನು ಮುರ್ಕೊಂಡು ಮಾಡಿದೀವಿ. ಒಂದು ಒಳ್ಳೆ ಮಾತಿಲ್ಲ ನಿನ್ನ ಬಾಯಲ್ಲಿ. ಇದರಲ್ಲಿ ಗುದ್ದಲಿ ಹಾಕಿದ್ರೆ ನಾನು ಈ ಹೊಸಿಲು ತುಳಿಯಲ್ಲ," ಎಂದು ತಮ್ಮನ ಕಡೆ ನೋಡಿದರು. ನಮ್ಮವರು ನೆಲ ನೋಡಿದರು.

ಎಲ್ಲರೂ ಹೋದ ಮೇಲೆ ಗಂಡನನ್ನು ಹಿಡಿದುಕೊಂಡೆ. "ಗುಂಡಿ ಯಾಕಿದೆ ಅಂತ ನಿಮಗೆ ಗೊತ್ತಿತ್ತಲ್ಲ. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳ್ಲಿ?"

"ಅಕ್ಕ ಅಷ್ಟು ಆಸೆಯಿಂದ ಬಂದಿದ್ಲು. ಹೇಗೆ ಬೇಡ ಅನ್ಲಿ?"

"ಬಾಯಿಂದ ಅನ್ನಿ."

"ಭಾನುವಾರ ನಾನೇ ತೋಡಿಕೊಡ್ತೀನಿ. ಅಲ್ಲೀತನಕ ಅವಳ ಕೋಪ ಇಳೀಲಿ."

ಮಳೆಗೆ ಭಾನುವಾರ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ನಾನೇ ಗುದ್ದಲಿ ಹಿಡಿದೆ. ಹೊಸ ಮಣ್ಣನ್ನು ಗಟ್ಟಿಯಾಗಿ ತುಳಿದು ಕೂರಿಸಿದ್ದರು, ಬೇರೆ ಕೆಲಸಕ್ಕೆ ಬಾರದವರೂ ತುಳಿಯುವ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಬಕೆಟ್ ಹಿಡಿಯುವಷ್ಟು ತಗ್ಗಾಗಿತ್ತು, ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಆಗ ಮಳೆ ಹಿಡಿಯಿತು.

ಚರಂಡಿಯ ಬಾಯಿಂದ ಮೊದಲು ಬಂದದ್ದು ನೊರೆ. ಆಮೇಲೆ ಹಾಲಿನಂಥ ನೀರು, ಫಿನಾಯಿಲ್ ವಾಸನೆ. ನನ್ನ ತಗ್ಗು ಕಣ್ಣು ಮುಚ್ಚಿ ತೆಗೆಯುವುದರೊಳಗೆ ತುಂಬಿತು. ಉಳಿದ ನೀರು ಹುಲ್ಲುಹಾಸಿನ ಮೇಲೆ ಜಾರಿ, ಅದರ ಮೇಲೆ ಎರಚಿದ್ದ ಗೊಬ್ಬರದ ಬಿಳಿ ಕಾಳುಗಳನ್ನೂ ಎಳೆದುಕೊಂಡು, ನೇರ ತೊರೆಗೆ ಬಿತ್ತು. ತಡೆಯಲು ಒಂದು ಕಡ್ಡಿಯೂ ಇರಲಿಲ್ಲ. ನಾನು ಕೊಡೆಯಿಲ್ಲದೆ ನಿಂತು ಬಾಯಿಗೆ ಬಂದಂತೆ ಬೈದೆ. ಮಳೆಗಲ್ಲ, ಮಳೆ ಏನು ಮಾಡೀತು. ಮೇಲಿನ ಒಂದೊಂದು ಮನೆಯನ್ನೂ ಹಿಡಿದು ಬೈದೆ.

ಬೆಳಗಾದಾಗ ಮರಿಗಳು ತೇಲುತ್ತಿದ್ದವು, ನನ್ನ ಗುಂಡುಪಿನ್ನಿನ ಡಬ್ಬಿ ಚೆಲ್ಲಿದ ಹಾಗೆ. ಕೂತು ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಹೆಚ್ಚು ಅಳು ಬಂತು. ನಮ್ಮವರು ಹಿಂದೆ ಬಂದು ನಿಂತರು. ಒಂದು ಮಾತಾಡಿದ್ದರೂ ಗುದ್ದಲಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

ಅದರ ಮಾರನೆಯ ದಿನ ನಾತ ಎದ್ದಿತು. ಹೊಸಿಲು ತುಳಿಯುವುದಿಲ್ಲ ಎಂದಿದ್ದ ಅತ್ತಿಗೆ ಹೊಸಿಲು ಬಿಟ್ಟು, ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದರು. ಕೈಯಲ್ಲಿ ಒಂದು ಪೊಟ್ಟಣ.

"ನಮ್ಮನೆ ತನಕ ವಾಸನೆ ಬರ್ತಿದೆ. ಬ್ಲೀಚಿಂಗ್ ಪೌಡರ್ ತಂದಿದೀನಿ. ನೀರಿಗೆ ಹಾಕಿದ್ರೆ ಎಲ್ಲ ಕ್ಲೀನಾಗುತ್ತೆ." ಪೊಟ್ಟಣವನ್ನು ನನ್ನ ಪಕ್ಕ ನಿಂತಿದ್ದ ತಮ್ಮನ ಕೈಗೆ ಕೊಟ್ಟರು. ಅವರು ತೆಗೆದುಕೊಂಡರು. ಹುಟ್ಟಿದಾಗಿನಿಂದ ಅಕ್ಕ ಕೊಟ್ಟದ್ದನ್ನೆಲ್ಲ ತೆಗೆದುಕೊಂಡ ಕೈ.

"ಹಾಕಿದ್ರೆ ಅಳಿದುಳಿದಿದ್ದೂ ಸಾಯುತ್ತೆ," ಎಂದೆ. "ನಿಮ್ಮ ಮನೆ ಸೋಪು, ನಿಮ್ಮ ಫಿನಾಯಿಲ್, ನಿಮ್ಮ ಗೊಬ್ಬರ. ಅದನ್ನ ಕುಡಿದೇ ಸತ್ತಿದ್ದು ಇವು."

"ನಮ್ಮನೆ ನೀರು ಇವತ್ತೇನು ಹೊಸದಾಗಿ ಬಂತಾ?" ಅತ್ತಿಗೆಯ ದನಿ ಏರಿತು, ಗೆದ್ದೆ ಎನ್ನುವವರ ದನಿ. "ಇಷ್ಟು ವರ್ಷದಿಂದ ಕಾರು ತೊಳೀತಿದೀವಿ, ನೆಲ ತೊಳೀತಿದೀವಿ. ಆಗೆಲ್ಲ ಯಾಕೆ ಸಾಯ್ಲಿಲ್ಲ? ಹೇಳು ನೋಡೋಣ."

"ಆಗ ನನ್ನ ಹಿತ್ತಲು ಗಲೀಜಾಗಿತ್ತು, ಅತ್ತಿಗೆ."

ಅವರು ತೊರೆಯ ಕಡೆ ನೋಡಿದರು. ಆಮೇಲೆ ಚರಂಡಿಯ ಬಾಯಿ, ಅಲ್ಲಿಂದ ಮೇಲೆ ಬೀದಿ, ಬೀದಿಯ ತುದಿಯಲ್ಲಿ ತಮ್ಮದೇ ಗೇಟು. ಪೊಟ್ಟಣ ಇನ್ನೂ ನಮ್ಮವರ ಕೈಯಲ್ಲೇ ಇತ್ತು, ವಾಪಸ್ ಕೊಡಲೂ ಇಲ್ಲ, ಬಿಚ್ಚಲೂ ಇಲ್ಲ.

ನಾನು ಬಗ್ಗಿ ಹುಲ್ಲುಹಾಸಿನ ಅಂಚು ಹಿಡಿದು ಎಳೆದೆ. ಅದು ಬರಲಿಲ್ಲ. ಅತ್ತಿಗೆ ಅದರ ಮೇಲೆಯೇ ನಿಂತಿದ್ದರು.

"ಕಾಲು ತೆಗೀರಿ," ಎಂದೆ.