ಅಖ್ತರ್ ಬೀ ಮಾತಿನಲ್ಲಿ ಕಟ್ಟಿದ ಮನೆ

ಭದ್ರಾವತಿಯಲ್ಲಿ ಬಾಡಿಗೆಗೆ ಮನೆ ಬೇಕಾದವರೂ, ಇದ್ದ ಮನೆ ಮಾರಬೇಕಾದವರೂ ಮೊದಲು ವಿಚಾರಿಸುತ್ತಿದ್ದುದು ಅಖ್ತರ್ ಬೀಯನ್ನು. ಗಂಡ ಹಮೀದ್ ಲಾರಿ ಮೆಕ್ಯಾನಿಕ್. ಅವನ ಗ್ಯಾರೇಜಿನ ಮುಂದೆ ಹಾಕಿದ್ದ ಕಬ್ಬಿಣದ ಕುರ್ಚಿಯೇ ಅವಳ ಆಫೀಸು. ಬೋರ್ಡು ಇರಲಿಲ್ಲ, ವಿಸಿಟಿಂಗ್ ಕಾರ್ಡೂ ಇರಲಿಲ್ಲ. ಮಾತೊಂದಿತ್ತು. ಗಿರಾಕಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟರೆ ದಾರಿಯುದ್ದಕ್ಕೂ ಆ ಮನೆಯ ಕಥೆ ಹೇಳುತ್ತ ಹೋಗುವಳು. ನಲ್ಲಿಯಲ್ಲಿ ಯಾವಾಗ ನೀರು ಬರುತ್ತದೆ, ಯಾವ ಕಿಟಕಿ ತೆಗೆದರೆ ಗಾಳಿ, ಪಕ್ಕದ ಮನೆಯವರ ಸ್ವಭಾವ ಎಂಥದ್ದು, ಎಲ್ಲ. ಆಟೋ ನಿಲ್ಲುವ ಹೊತ್ತಿಗೆ ಗಿರಾಕಿಗೆ ತಾನು ಆ ಮನೆಯಲ್ಲಿ ಒಂದು ಮಳೆಗಾಲ ಕಳೆದಂತೆ ಅನ್ನಿಸಿಬಿಡುತ್ತಿತ್ತು. ಅಖ್ತರ್ ಬೀ ಬಾಯಲ್ಲೇ ಗೃಹಪ್ರವೇಶ ಮಾಡಿಸ್ತಾಳೆ ಎಂದು ಜನ ನಗುತ್ತಿದ್ದರು.

ಆದರೆ ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಅವಳ ಮಾತು ಕೇಳುವವರೇ ಕಡಿಮೆಯಾಗಿದ್ದರು. ಊರಿನ ಕಬ್ಬಿಣದ, ಕಾಗದದ ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾಗಿತ್ತು. ವಿಆರ್‌ಎಸ್ ತೆಗೆದುಕೊಂಡವರು ಊರು ಬಿಡುತ್ತಿದ್ದರು. ಮಾರಾಟಕ್ಕಿದೆ ಎಂಬ ಬರಹ ಬೀದಿಗೊಂದು ಗೇಟಿನ ಮೇಲೆ ಕಾಣುತ್ತಿತ್ತು. ಕೊಳ್ಳುವವರು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಹಾಗೆ ಮಾರಾಟಕ್ಕೆ ನಿಂತ ಮನೆಗಳಲ್ಲಿ ಊರಿನ ಜನ್ನಾಪುರ ಬಡಾವಣೆಯ ಶ್ರೀನಿವಾಸಮೂರ್ತಿಯವರದೂ ಒಂದು. ಫೋರ್‌ಮನ್ ಆಗಿ ನಿವೃತ್ತರಾದ ಮೂರ್ತಿ ಶಿವಮೊಗ್ಗದ ವಿನೋಬನಗರಕ್ಕೆ ಮಗಳು ಸಮತಾಳ ಜೊತೆ ಇರಲು ಹೋಗಿ ವರ್ಷ ಕಳೆದಿತ್ತು. ಸಮತಾ ಅಲ್ಲಿ ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದಳು. ಆಸ್ತಿ ಮಾರುವ ವೆಬ್‌ಸೈಟುಗಳಲ್ಲೆಲ್ಲ ಅಪ್ಪನ ಮನೆಯ ವಿವರ ಹಾಕಿದ್ದಳು. ಎಷ್ಟು ಚದರ, ಯಾವ ದಿಕ್ಕು, ಎಷ್ಟು ಕೋಣೆ. ಒಬ್ಬರೂ ಫೋನ್ ಮಾಡಲಿಲ್ಲ. ಫೋಟೋ ಇಲ್ಲದ ಮನೆಯನ್ನು ಯಾರೂ ತೆರೆದೂ ನೋಡುವುದಿಲ್ಲ ಎಂದು ಗೊತ್ತಾದ ಮೇಲೆ, ಸೆಂಟರಿನಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯಲು ಇಟ್ಟುಕೊಂಡಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಒಂದು ದಿನ ಭದ್ರಾವತಿಗೆ ಬಂದಳು. ಬೀಗದ ಕೈ ಇದ್ದದ್ದು ಅಖ್ತರ್ ಬೀ ಹತ್ತಿರ.

ಸಮತಾ ಕಿಟಕಿಗಳನ್ನೆಲ್ಲ ತೆಗೆಸಿದಳು. ಮೂಲೆಯಲ್ಲಿ ನಿಂತು ಇಡೀ ಕೋಣೆ ಬರುವಂತೆ ಕ್ಲಿಕ್ಕಿಸಿದಳು. ಆಮೇಲೆ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಒಂದೊಂದಾಗಿ ತೋರಿಸಿದಳು. ಅಖ್ತರ್ ಬೀ ಕನ್ನಡಕ ಏರಿಸಿ ನೋಡಿದಳು.

"ಇದ್ರಲ್ಲಿ ಮನೆ ಎಲ್ಲಿದೆ ಮಾರಾಯ್ತಿ? ಬರೀ ಗೋಡೆ ಇದೆ."

"ಮನೆ ಅಂದ್ರೆ ಗೋಡೆ ತಾನೇ ಅಖ್ತರಮ್ಮ?"

"ಗೋಡೆ ನೋಡಿ ಯಾರು ತಗೊಳ್ತಾರೆ? ಬಾ ಇಲ್ಲಿ, ತೋರಿಸ್ತೀನಿ." ಅವಳು ಸಮತಾಳ ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋದಳು. "ನೋಡು, ಈ ಗೇಟು ನೂಕಿದ್ರೆ ತೆರೆಯಲ್ಲ. ಸ್ವಲ್ಪ ಮೇಲಕ್ಕೆ ಎತ್ತಿ ನೂಕ್ಬೇಕು. ಕಳ್ರಿಗೆ ಗೊತ್ತಿಲ್ಲ, ಮನೆಯೋರಿಗೆ ಮಾತ್ರ ಗೊತ್ತು."

ಸಮತಾಗೆ ಏನು ಹೊಳೆಯಿತೋ, ಕ್ಯಾಮೆರಾವನ್ನು ವಿಡಿಯೋಗೆ ತಿರುಗಿಸಿದಳು. "ಅಖ್ತರಮ್ಮ, ಇನ್ನೊಂದ್ಸಲ ಗೇಟಿಂದ ಶುರು ಮಾಡಿ. ಗಿರಾಕಿಗೆ ಹೇಳೋ ಥರಾನೇ ಹೇಳಿ. ನನ್ನ ಕಡೆ ನೋಡ್ಬೇಡಿ."

ಗಿರಾಕಿಗೆ ಹೇಳುವ ಥರ ಎಂದ ಮೇಲೆ ಅಖ್ತರ್ ಬೀಗೆ ಬೇರೆ ಯಾವ ಸೂಚನೆಯೂ ಬೇಕಿರಲಿಲ್ಲ. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಹೊರಟಳು. ಗೇಟು ದಾಟಿದರೆ ಎಡಕ್ಕೆ ಪಾರಿಜಾತದ ಗಿಡ, ಬೆಳಿಗ್ಗೆ ಅದರ ವಾಸನೆ ಬಂದ ಕಡೆ ನಡೆದರೆ ಸಾಕು, ಬಾಗಿಲು ಸಿಗುತ್ತದೆ ಎಂದಳು. ಮೆಟ್ಟಿಲ ಕಲ್ಲು ಒಂದು ಕಡೆ ವಾಲಿದೆ, ಬಲಗಾಲು ಮೊದಲು ಇಡಿ ಎಂದಳು. ಹಜಾರದ ಕೆಂಪು ನೆಲ ಬೇಸಿಗೆಯಲ್ಲಿ ಮಡಕೆಯ ನೀರಿನಷ್ಟು ತಂಪು ಎಂದು ಚಪ್ಪಲಿ ಬಿಟ್ಟು ನಿಂತು ತೋರಿಸಿದಳು. ಹಜಾರದಿಂದ ನಡುಮನೆಗೆ ಕಾಲಿಡುವಾಗ ಕಾರ್ಖಾನೆಯ ಸೈರನ್ ಕೂಗಿತು. ಅದು ಮುಗಿಯುವ ತನಕ ಸುಮ್ಮನೆ ನಿಂತು, "ಮಧ್ಯಾಹ್ನದ್ದು ಇದು, ಶಿಫ್ಟು ಬಿಟ್ರು," ಎಂದು ನಕ್ಕು ಮುಂದೆ ನಡೆದಳು. ನಡುಮನೆಯ ಮೂಲೆಯಲ್ಲಿ ಕೈ ಮೇಲೆತ್ತಿ, "ಜೋರು ಮಳೆ ಬಂದ್ರೆ ಇಲ್ಲಿ ಸೋರತ್ತೆ. ಸುಳ್ಳು ಹೇಳಲ್ಲ. ಒಂದು ಪಾತ್ರೆ ಇಟ್ರೆ ಸಾಕು, ಇಲ್ಲಾ ಹೆಂಚು ತಿರುವಿಸಿ," ಎಂದಳು. ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಒಲೆಯ ಮುಂದೆ ನಿಂತವರ ಬಲಗೆನ್ನೆಗೆ ತಾಗುತ್ತದೆ ಎಂದಳು. ಬಚ್ಚಲ ಬಾಗಿಲು ಗಿಡ್ಡ, ತಲೆ ತಗ್ಗಿಸಿ ಎಂದು ತಾನೇ ತಗ್ಗಿಸಿ ಒಳಹೊಕ್ಕಳು.

ವಾರದ ನಂತರ ಅವಳು ಬಸ್ಸು ಹತ್ತಿ ವಿನೋಬನಗರಕ್ಕೆ ಹೋದಳು. ಸಮತಾಳ ಸೆಂಟರಿನಲ್ಲಿ ಸಾಲಾಗಿ ಇಟ್ಟಿದ್ದ ಕಂಪ್ಯೂಟರುಗಳ ಕೊನೆಯದರ ಮುಂದೆ ಕೂರಿಸಿ ಸಮತಾ ಹೆಡ್‌ಫೋನ್ ಕಿವಿಗಿಟ್ಟಳು. ವಿಡಿಯೋ ಮೇಲೇರಿಸಲು ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು. ಅರ್ಧಕ್ಕೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಹಾಕಬೇಕಾಗಿತ್ತು. ಈಗ ಯೂಟ್ಯೂಬ್ ಎಂಬ ಜಾಗದಲ್ಲಿ, ಅಂಗೈ ಅಗಲದ ಚೌಕದೊಳಗೆ, ಹಸಿರು ಸೀರೆಯ ಹೆಂಗಸೊಬ್ಬಳು ಗೇಟು ಎತ್ತುತ್ತಿದ್ದಳು. ಕಿವಿಯೊಳಗೆ ತನ್ನದೇ ದನಿ. ಅಖ್ತರ್ ಬೀ ಉಸಿರು ಬಿಗಿಹಿಡಿದು ಕೇಳಿದಳು. ಅಷ್ಟು ವರ್ಷ ಆಡಿದ ಮಾತೆಲ್ಲ ಆಟೋದ ಗಾಳಿಯಲ್ಲಿ ಹಾರಿಹೋಗಿತ್ತು. ಇದೊಂದು ಮಾತ್ರ ನಿಂತಿತ್ತು.

"ಇದು ಎಲ್ಲಿ ತನಕ ಕೇಳ್ಸುತ್ತೆ?" ಎಂದಳು, ಹೆಡ್‌ಫೋನ್ ತೆಗೆಯದೆ, ಗಟ್ಟಿಯಾಗಿ. ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡಿದರು.

"ಎಲ್ಲಿ ತನಕ ಬೇಕಾದ್ರೂ."

"ದುಬೈ ತನಕ?"

"ದುಬೈ ಏನು, ಅದರಾಚೆಗೂ ಕೇಳ್ಸುತ್ತೆ."

ಮೂರ್ತಿಯವರು ಮಾತ್ರ ನೋಡಿ ಕೆಂಡವಾದರು. "ಸೋರತ್ತೆ ಅಂತ ಊರಿಗೆಲ್ಲ ಸಾರಿದೀರಲ್ಲ ಅಖ್ತರ್ ಬೀ! ಮನೆ ಮಾರೋಕೆ ಕೊಟ್ಟಿದ್ದೋ, ಮಾನ ಕಳೆಯೋಕೆ ಕೊಟ್ಟಿದ್ದೋ?"

"ಮೂರ್ತಿಯೋರೇ, ಕೊರತೆ ನಾವೇ ಹೇಳ್ಬಿಟ್ರೆ ಗಿರಾಕಿ ಅದನ್ನ ಹುಡುಕ್ತಾ ಕೂರಲ್ಲ. ಬಾಕಿ ಹೇಳಿದ್ದೂ ನಂಬ್ತಾನೆ."

"ಸಮತಾ, ಅದನ್ನ ತೆಗೀ ನೀನು."

ಸಮತಾ ತೆಗೆಯಲಿಲ್ಲ. ಒಂದು ತಿಂಗಳು ನೋಡೋಣ ಅಪ್ಪಾ ಎಂದು ಸಮಾಧಾನ ಹೇಳಿದಳು. ಮೂರ್ತಿಯವರು ಮುಖ ತಿರುಗಿಸಿ ಹೊರಟುಹೋದರು.

ತಿಂಗಳು ಬೇಕಾಗಲಿಲ್ಲ. ವಿಡಿಯೋದ ಕೆಳಗೆ ಜನ ಬರೆಯತೊಡಗಿದರು. ಸಮತಾ ಫೋನಿನಲ್ಲಿ ಓದಿ ಹೇಳುವಳು, ಅಖ್ತರ್ ಬೀ ಗ್ಯಾರೇಜಿನ ಸದ್ದಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಕೇಳುವಳು. ಸೌದಿಯ ದಮ್ಮಾಮಿನಿಂದ ಒಬ್ಬ, ನಾನು ಹುಟ್ಟಿದ್ದು ಭದ್ರಾವತಿಯ ಪೇಪರ್‌ಟೌನಿನಲ್ಲಿ, ಮನೆ ಬೇಡ, ಈ ಅಮ್ಮನ ಮಾತು ಇನ್ನೊಂದು ಸಲ ಕೇಳಲು ಬಂದೆ ಎಂದು ಬರೆದಿದ್ದ. ಪೋರ್ಟ್ ಬ್ಲೇರಿನ ನರ್ಸ್ ಒಬ್ಬಳು, ಕೆಂಪು ನೆಲ ನೋಡಿ ಕಾಲು ತಂಪಾಯಿತು ಎಂದಿದ್ದಳು. ಭದ್ರಾವತಿ ಬಿಟ್ಟು ಹೋದವರೆಲ್ಲ ಎಲ್ಲೆಲ್ಲೋ ಕೂತು ಆ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಂದು ಕೇಳಿದವರಿಗಷ್ಟೇ ಅವಳು ಇಷ್ಟು ದಿನ ಮನೆ ತೋರಿಸಿದ್ದಳು. ದೂರದಿಂದ ಸುಮ್ಮನೆ ಊರ ಕಡೆ ಮುಖ ಮಾಡಿ ಕೂತವರು ಇಷ್ಟೊಂದು ಜನ ಇದ್ದಾರೆಂದು ಯಾರು ಕಂಡಿದ್ದರು?

ಆ ಬಳಿಕ ಒಂದು ಸಂಜೆ, ವಿಡಿಯೋದ ಕೆಳಗೆ ಸಮತಾ ಹಾಕಿದ್ದ ನಂಬರು ಹಿಡಿದು, ಅಖ್ತರ್ ಬೀ ಮೊಬೈಲಿಗೆ ವಿಶಾಖಪಟ್ಟಣದಿಂದ ಕರೆ ಬಂತು. ಮಾತಾಡಿದವನು ಅರುಳಪ್ಪ. ಅಪ್ಪ ಭದ್ರಾವತಿ ಕಾರ್ಖಾನೆಯಲ್ಲಿದ್ದರು, ಅವರು ತೀರಿಕೊಂಡ ಮೇಲೆ ತಾಯಿಯನ್ನು ಕರೆದುಕೊಂಡು ಇಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದೆ, ಇನ್ನೇನು ರಿಟೈರ್ ಆಗುತ್ತೇನೆ ಎಂದ. ಆಮೇಲೆ ಸ್ವಲ್ಪ ತಡವರಿಸಿದ.

"ಅಮ್ಮನಿಗೆ ಕಣ್ಣು ಕಾಣಲ್ಲ. ಶುಗರ್ ಆಗಿ ಹೋಯ್ತು. ನಾನು ನಿಮ್ಮ ವಿಡಿಯೋ ಹಾಕಿದ್ದೆ. ಅಡುಗೆಮನೇಲಿ ಕೂತಿದ್ರು. ಸೈರನ್ ಕೂಗ್ತಲ್ಲ, ತಟ್ಟನೆ ಎದ್ದು ನಿಂತ್ಬಿಟ್ರು. ಅಪ್ಪನ ಊಟದ ಕ್ಯಾರಿಯರ್ ಎಲ್ಲಿ ಅಂತ ಕೇಳಿದ್ರು."

ಅಖ್ತರ್ ಬೀ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಅವತ್ತಿಂದ ದಿನಾ ಹಾಕಿಸ್ಕೊಂಡು ಕೇಳ್ತಾರೆ. ಆ ಮನೆ ನೋಡ್ಬೇಕಂತೆ. ಬರ್ತೀವಿ."

ಬಂದರು. ಅವರು ಬರುವ ದಿನ ಬೆಳಿಗ್ಗೆಯೇ ಮೂರ್ತಿಯವರೂ ಸಮತಾಳೂ ಶಿವಮೊಗ್ಗದಿಂದ ಬಂದು ಮನೆ ಗುಡಿಸಿ ಕಾದಿದ್ದರು. ಆಟೋದಿಂದ ಅರುಳಪ್ಪ ಮೊದಲು ಇಳಿದು ತಾಯಿಯನ್ನು ಇಳಿಸಿದ. ಸವೇರಿಯಮ್ಮ ಸಣ್ಣ ಜೀವ, ಬಿಳಿ ಕೂದಲಿನ ಗಂಟು, ಕೊರಳಲ್ಲಿ ಜಪಮಾಲೆ. ಅಖ್ತರ್ ಬೀ ಓಡಿಹೋಗಿ ಕೈ ಹಿಡಿದು, "ಬನ್ನಿ ಅಮ್ಮಾ, ನಾನೇ ಅಖ್ತರ್ ಬೀ," ಎಂದಳು.

ಮುದುಕಿಯ ಮುಖ ಅರಳಿತು. "ಗೊತ್ತು ಕಣಮ್ಮಾ. ಆ ದನಿ ಗೊತ್ತಿಲ್ವಾ?" ಎಂದು ಕೈ ಬಿಡಿಸಿಕೊಂಡಳು. ಮಗ ಹಿಡಿಯಲು ಬಂದರೆ ಅವನನ್ನೂ ತಡೆದಳು. "ನೀವು ಸುಮ್ನೆ ಇರಿ. ನಾನೇ ಹೋಗ್ತೀನಿ."

ಸವೇರಿಯಮ್ಮ ಗೇಟನ್ನು ತಡವಿ ಹಿಡಿದಳು. ಮೇಲಕ್ಕೆ ಎತ್ತಿ ನೂಕಿದಳು. ಅದು ತೆರೆಯಿತು.

ಮುದುಕಿ ಮೂಗು ಸ್ವಲ್ಪ ಎತ್ತಿ ಪಾರಿಜಾತದ ವಾಸನೆ ಹಿಡಿದು ನಡೆದಳು. ವಾಲಿದ ಕಲ್ಲಿನ ಮೇಲೆ ಬಲಗಾಲು ಇಟ್ಟಳು. ಹಜಾರದಲ್ಲಿ ಚಪ್ಪಲಿ ಬಿಟ್ಟು ಪಾದಗಳನ್ನು ನೆಲಕ್ಕೆ ಒತ್ತಿ ನಿಂತಳು. ಅವಳ ಹಿಂದೆ ಉಳಿದವರು ಮಸೀದಿಗೋ ಗುಡಿಗೋ ಹೊಕ್ಕವರಂತೆ ಸದ್ದಿಲ್ಲದೆ ಬಂದರು. ಅಖ್ತರ್ ಬೀ ಮುದುಕಿಯ ಪಾದಗಳನ್ನೇ ನೋಡುತ್ತ ನಡೆದಳು. ಈ ಹೆಂಗಸು ಎಂದೂ ಈ ಮನೆಗೆ ಬಂದವಳಲ್ಲ. ಇದರ ಗೋಡೆಯ ಬಣ್ಣವನ್ನೂ ಕಂಡವಳಲ್ಲ. ಅವಳು ನಡೆಯುತ್ತಿದ್ದುದು ಇಟ್ಟಿಗೆಯ ಮನೆಯಲ್ಲಲ್ಲ, ತಾನು ಆಡಿದ ಮಾತಿನೊಳಗೆ. ಆ ಮಾತು ಸಮುದ್ರದ ದಂಡೆಯ ಊರಿಗೆ ಹೋಗಿ, ಕತ್ತಲೆಯಲ್ಲಿ ಕೂತಿದ್ದ ಒಬ್ಬಳ ಎದೆಯೊಳಗೆ ಗೋಡೆ ಎಬ್ಬಿಸಿ, ಕಿಟಕಿ ಇಟ್ಟು, ಇಲ್ಲಿಯ ತನಕ ಅವಳನ್ನು ಕೈಹಿಡಿದು ಕರೆತಂದಿತ್ತು.

ಹಜಾರದಿಂದ ನಡುಮನೆಗೆ ದಾಟುವಾಗ ಸವೇರಿಯಮ್ಮ ಎಡವಿದಳು. ಬಿದ್ದೇ ಬಿಡುತ್ತಿದ್ದಳು. ಅರುಳಪ್ಪ ಭುಜ ಹಿಡಿದುಕೊಂಡ.

"ಹಾಯ್ ಅಲ್ಲಾ, ಹೊಸಿಲು!" ಅಖ್ತರ್ ಬೀ ಹಣೆ ಬಡಿದುಕೊಂಡಳು. "ಎತ್ತರ ಇದೆ ಅಂತ ನಾನು ಹೇಳ್ಲೇ ಇಲ್ಲ! ಸೈರನ್ ಕೂಗ್ತಲ್ಲಮ್ಮಾ, ಮಾತು ಅಲ್ಲಿಗೆ ನಿಂತೋಯ್ತು."

ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಅದಕ್ಕೇ ನೋಡು. ನೀನು ಹೇಳಿದ್ದು ಒಂದೂ ತಪ್ಪಿಲ್ಲ. ಹೇಳದೆ ಇದ್ದಿದ್ದು ಮಾತ್ರ ಕಾಲಿಗೆ ತಾಗ್ತು."

ಮೂಲೆಗೆ ಹೋಗಿ ಅಂಗೈ ಮೇಲೆತ್ತಿ, "ಸೋರೋದು ಇಲ್ಲೇ ಅಲ್ವಾ?" ಎಂದಳು. ಅಲ್ಲೇ. ತಲೆಯ ನೇರಕ್ಕೆ ಮೇಲೆ ಮಳೆನೀರಿನ ಕಂದು ಕಲೆ ಇತ್ತು. ಮೂರ್ತಿಯವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಕೊನೆಗೆ, "ಹೆಂಚು ನಾನು ತಿರುವಿಸಿ ಕೊಡ್ತೀನಿ ತಾಯಿ. ಸೋರೋ ಮನೆ ಕೊಡಲ್ಲ ನಿಮಗೆ," ಎಂದರು.

ಅಡುಗೆಮನೆಯಲ್ಲಿ ಒಲೆಯ ಕಟ್ಟೆ ಹಿಡಿದು ನಿಂತ ಸವೇರಿಯಮ್ಮನ ಬಲಗೆನ್ನೆಯ ಮೇಲೆ ಬಿಸಿಲಿತ್ತು. ಅದು ಹಾಗೇ ತಾಗಲೆಂದು ಅವಳು ಮುಖ ತಿರುಗಿಸಲಿಲ್ಲ. ಮಗನಿಗೆ ಇಷ್ಟೇ ಹೇಳಿದಳು: "ಅರುಳೂ, ಇಲ್ಲೇ ಇರ್ತೀನಿ ನಾನು."

ಬೇಸಿಗೆಯ ಹೊತ್ತಿಗೆ ರಿಜಿಸ್ಟ್ರೇಷನ್ ಆಯಿತು. ಜೂನಿನಲ್ಲಿ ತಾಯಿ ಮಗ ಸಾಮಾನು ತಂದು ಇಳಿಸಿದರು. ಹೊಸಿಲನ್ನು ತಗ್ಗಿಸೋಣ ಎಂದು ಅರುಳಪ್ಪ ಗಾರೆಯವನನ್ನು ಕರೆಸಿದರೆ ಮುದುಕಿ ಬೇಡವೆಂದಳಂತೆ, ಈಗ ಗೊತ್ತಾಯಿತಲ್ಲ ಎಂದು.

ಆ ಸುದ್ದಿ ಹರಡಿ ಅಖ್ತರ್ ಬೀಗೆ ಶಿವಮೊಗ್ಗದಿಂದಲೂ ಕರೆ ಬರತೊಡಗಿತು. ಆಲ್ಕೊಳದಲ್ಲಿ ಒಂದು ಮನೆ, ಆಯನೂರಿನ ದಾರಿಯಲ್ಲಿ ಇನ್ನೊಂದು. ಅದರ ಮಾತಿಗೆಂದು ಸಮತಾಳ ಸೆಂಟರಿಗೆ ಹೋದ ದಿನ ಸಮತಾ ಕೇಳಿದಳು.

"ಅಖ್ತರಮ್ಮ, ಜನ್ನಾಪುರದ ಮನೆ ಮಾರಾಯ್ತಲ್ಲ. ವಿಡಿಯೋ ತೆಗೆದುಬಿಡ್ಲಾ?"

"ಈಗ ಅದು ಅವ್ರ ಮನೆ. ಅವ್ರನ್ನ ಕೇಳು."

"ಕೇಳಿದೆ. ಇರ್ಲಿ ಅಂದ್ರು. ಅಮ್ಮ ಈಗ್ಲೂ ಆಗಾಗ ಹಾಕಿಸ್ಕೊಳ್ತಾರಂತೆ."

"ಮನೇಲೇ ಕೂತ್ಕೊಂಡು?"

"ಮನೇಲೇ ಕೂತ್ಕೊಂಡು. ಅವ್ರು ಮಾತ್ರ ಅಲ್ಲ, ಯಾರ್ಯಾರೋ ನೋಡ್ತಾನೇ ಇದ್ದಾರೆ. ಇವತ್ತೂ ನೋಡಿದ್ದಾರೆ."

"ಯಾವ ಊರೋರು?"

"ಅದು ನನಗೂ ಗೊತ್ತಾಗಲ್ಲ."

ಅಖ್ತರ್ ಬೀ ಭದ್ರಾವತಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ಮಾತಿಗೆ ಎಳೆದಳು. ಎಂದೂ ಇಲ್ಲದಂತೆ ಅಖ್ತರ್ ಬೀ ಹೂಂ ಎಂದಷ್ಟೇ ಹೇಳಿ ಹೊರಗೆ ನೋಡುತ್ತ ಕೂತಳು. ಮಾತು ಬೇಕೆನ್ನಿಸಲಿಲ್ಲ. ತಾನು ಇಲ್ಲಿ ಬಾಯಿ ಮುಚ್ಚಿ ಕೂತಿರುವಾಗಲೇ, ಹೆಸರೂ ತಿಳಿಯದ ಯಾವುದೋ ಊರಿನಲ್ಲಿ, ಯಾರಿಗೋ ತನ್ನ ದನಿ ಬಾಗಿಲು ತೆರೆದು ಒಳಗೆ ಬನ್ನಿ ಎನ್ನುತ್ತಿರಬಹುದು. ಅದನ್ನು ನೆನೆದು ಅವಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಸ್ಸು ಶಿವಮೊಗ್ಗ ದಾಟಿತು.