ಗೋಡೆ ಬಿಡದ ಮರ

ಅಣ್ಣನ ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಕಷ್ಟವೇ ಅದಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗಳ ಕೈ ಹಿಡಿದು ಬಂದವಳನ್ನು ಅಣ್ಣ ಅತ್ತಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಎಷ್ಟು ಚೆನ್ನಾಗಿ ಎಂದರೆ, ಸಂಜೆ ಸ್ವಲ್ಪ ತಡವಾದರೂ ಅಣ್ಣ ಬೀದಿಯ ತುದಿಯಲ್ಲಿ ಬಂದು ನಿಂತಿರುತ್ತಿದ್ದ. ಅವಳಿಗೆ ಫೋನ್ ಬಂದರೆ ಅತ್ತಿಗೆಗೆ ಆಗಲೇ ಪಕ್ಕದ ಕಪಾಟು ಒರೆಸುವ ಕೆಲಸ ನೆನಪಾಗುತ್ತಿತ್ತು. ಮನೆಗೆ ಬಂದವರ ಮುಂದೆಲ್ಲ, ‘ಪಾಪ, ನಮ್ಮ ಜೊತೇಲೇ ಇದಾಳೆ’ ಎಂದೇ ಪರಿಚಯ. ಆ ‘ಪಾಪ’ ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಅವಳಿಗೆ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಮಾಲೀಕರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದನ್ನು ನೀನೇ ನೋಡಿಕೋ, ಮೇಲೆ ಇರೋದಕ್ಕೊಂದು ಕೋಣೆಯೂ ಇದೆ ಎಂದಿದ್ದರು. ತಿಂಗಳ ಕೊನೆಗೆ ಹೊರಡಬೇಕು. ಒಂದು ಕೋಣೆ, ಒಳಗಿನಿಂದ ತಾನೇ ಹಾಕಿಕೊಳ್ಳುವ ಚಿಲಕ, ತಾನು ಮತ್ತು ಮಗಳು. ಅವಳು ಹಿಂದೆ ಮುಂದೆ ನೋಡದೆ ಹೂಂ ಅಂದಿದ್ದಳು. ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ದಿನ ದೂಡಿದಳು.

ಅಷ್ಟರಲ್ಲಿ ಮಗಳ ಹಟ ಶುರುವಾಯಿತು. ಗಿಡ್ಡಗೆ, ಚುರುಕಾಗಿದ್ದ ಅವಳನ್ನು ಎಲ್ಲರೂ ಚಿಟುಕಿ ಎಂದೇ ಕರೆಯುತ್ತಿದ್ದರು. ಅವಳಿಗೆ ಕೊಟ್ಟಿದ್ದು ಮೊದಲು ಸಾಮಾನು ತುಂಬಿಡುತ್ತಿದ್ದ ಕೋಣೆ. ಗೋಡೆಯ ಮೇಲಿನ ತೇವದ ಕಲೆ ತನ್ನನ್ನೇ ನೋಡುತ್ತದೆ, ಅಲ್ಲಿ ಮಲಗುವುದಿಲ್ಲ ಎಂದು ಕೂತಳು. ಹೊರಡುವ ತನಕ ಕಲೆ ಮುಚ್ಚಿದರೆ ಸಾಕಲ್ಲ ಎಂದುಕೊಂಡ ತಾಯಿ, ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆ, ಕಾಗದದ ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಳು.

ಭಾನುವಾರ ತಾಯಿ ಮಗಳು ನೆಲದ ಮೇಲೆ ಕೂತು ಒಂದು ಮರ ಮಾಡಿದರು. ಪುಸ್ತಕದ ರಟ್ಟಿಗೆ ಹಾಕುವ ಕಂದು ಕ್ಯಾಲಿಕೋ ಬಟ್ಟೆಯ ಬೊಡ್ಡೆ, ಲೆಕ್ಕದ ಪುಸ್ತಕಗಳ ಹಸಿರು ಹೊದಿಕೆಯ ಎಲೆ, ಬಣ್ಣ ಬಣ್ಣದ ಅಲೆಗಳಿದ್ದ ಕಾಗದದ ಹಕ್ಕಿ. ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿದ ಕಾಗದದ ಅಂಚುಗಳಿಂದ ಗೂಡು. ಹೊರಡುವಾಗ ಬಿಚ್ಚಿ ಸುತ್ತಿಕೊಂಡು ಹೋಗಬಹುದು ಎಂದು ತಾಯಿ ಮೇಲ್ಗಡೆ ಮಾತ್ರ ಚೂರು ಚೂರು ಅಂಟು ಹಚ್ಚಿ ಕಲೆಯ ಮೇಲೆ ನಿಲ್ಲಿಸಿದಳು.

ಮಧ್ಯಾಹ್ನದ ಹೊತ್ತಿಗೆ ಎಲೆಗಳ ತುದಿಗಳು ಮೇಲೆದ್ದವು. ಬೈಂಡಿಂಗ್‌ನವರಿಗೆ ಎದ್ದ ಅಂಚು ಕಂಡರೆ ಕೈ ಸುಮ್ಮನಿರುವುದಿಲ್ಲ. ಕಾಗದದ ಹಿಂದೆ ಗಾಳಿ ಉಳಿಯಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಅವಳು ಮೈದಾ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ಎಲೆ ಎಲೆಗೂ ಬ್ರಷ್ ಆಡಿಸಿ, ಬಟ್ಟೆಯುಂಡೆಯಿಂದ ನಡುವಿನಿಂದ ಅಂಚಿಗೆ ಒತ್ತಿ ಒತ್ತಿ ತಿಕ್ಕಿದಳು. ಬಾಯಲ್ಲಿ ಏನೋ ಹಾಡು ಬೇರೆ. ಮುಗಿಸಿ ಹಿಂದೆ ಸರಿದು ನೋಡಿದಾಗಲೇ ಅವಳಿಗೆ ಹೊರಡುವ ದಿನ ನೆನಪಾದದ್ದು. ಉಗುರು ತೂರಿಸಲೂ ಸಂದಿಲ್ಲದಂತೆ ಮರ ಗೋಡೆಗೆ ಕೂತುಬಿಟ್ಟಿತ್ತು.

ಅತ್ತಿಗೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಮಕ್ಕಳಿಲ್ಲದ ಅಣ್ಣ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದ. “ಈಗ ಇದು ಮಗು ಇರೋ ಮನೆ ಅನ್ನಿಸ್ತು ನೋಡು,” ಎಂದ. ಚಿಟುಕಿ ಒಂದೊಂದು ಹಕ್ಕಿಗೂ ಒಬ್ಬೊಬ್ಬರ ಹೆಸರಿಟ್ಟಳು. ದಪ್ಪನೆಯದು ಮಾವ, ಗೂಡಿನಲ್ಲಿ ಕೂತದ್ದು ಅತ್ತೆ. ನಾನೆಲ್ಲಿ ಎಂದು ತಾಯಿ ಕೇಳಿದರೆ, ನೀನು ಅಂಗಡಿಗೆ ಹೋಗಿದೀಯಲ್ಲ ಎಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಾಯಿಯೂ ನಕ್ಕಳು, ನಗದೆ ಇನ್ನೇನು ಮಾಡಿಯಾಳು.

ಮರುದಿನ ಶಾಲೆಯ ದಾರಿಯಲ್ಲಿ ಮಗಳನ್ನು ಮೆಲ್ಲಗೆ ಕೇಳಿದಳು. “ನಾವಿಬ್ಬರೇ ಬೇರೆ ಊರಿಗೆ ಹೋಗೋಣ್ವಾ?”

“ಮರಾನೂ ಬರುತ್ತಾ?”

“ಬರುತ್ತೆ,” ಅಂದುಬಿಟ್ಟಳು.

ಒಂದು ದಿನ ಅರ್ಧ ರಜೆ ಹಾಕಿ, ಮನೆಯಲ್ಲಿ ಯಾರೂ ಇಲ್ಲದಾಗ ಒದ್ದೆ ಬಟ್ಟೆ ಮತ್ತು ತೆಳು ಚಾಕು ಹಿಡಿದು ಗೋಡೆಯ ಮುಂದೆ ನಿಂತಳು. ಮೊದಲ ಹಕ್ಕಿಯೇ ಎರಡು ಹೋಳಾಯಿತು. ತಲೆ ಕೈಗೆ ಬಂತು, ಹೊಟ್ಟೆ ಗೋಡೆಯಲ್ಲೇ ಉಳಿಯಿತು, ಜೊತೆಗೆ ಅಂಗೈಯಗಲ ಸುಣ್ಣ ಉದುರಿತು. ಅಂಟಿಸಿದ್ದು ಮಾತ್ರ ಮಾಲೀಕರು ಮೆಚ್ಚುವಂಥ ಕೆಲಸ. ತನ್ನ ಕೈಗೆ ತಾನೇ ಶಾಪ ಹಾಕುತ್ತ, ಯಾರಾದರೂ ಬರುವ ಮೊದಲು ಹಕ್ಕಿಯನ್ನು ಮತ್ತೆ ಅಂಟಿಸಿದಳು.

ಇನ್ನು ಮುಚ್ಚಿಡಲಾಗದೆ, ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟಳು. ಅಣ್ಣ ಹಾರಾಡುತ್ತಾನೆ ಎಂದುಕೊಂಡಿದ್ದಳು. ಹಾರಾಡಿದ್ದರೆ ಅವಳೂ ನಾಲ್ಕು ಮಾತು ಆಡಿ ಎದ್ದು ಹೋಗಬಹುದಿತ್ತು. ಅವನು ನಿಧಾನವಾಗಿ ನೀರು ಕುಡಿದು ಲೋಟ ಕೆಳಗಿಟ್ಟ.

“ಹೋಗಮ್ಮಾ. ಒಳ್ಳೇ ಕೆಲಸ, ನಾನ್ಯಾಕೆ ಅಡ್ಡ ಬರ್ಲಿ? ಮಗು ಇಲ್ಲೇ ಇರ್ಲಿ. ನೀನೇ ಕೈಯಾರೆ ಅವಳಿಗೆ ಕೋಣೆ ಮಾಡಿಕೊಟ್ಟಿದೀಯಲ್ಲ.”

ಅತ್ತಿಗೆಯೂ ದನಿಗೂಡಿಸಿದಳು. ಅಲ್ಲಿ ಇರುವುದು ಒಂದೇ ಕೋಣೆ, ಕೆಳಗೆ ಅಂಟಿನ ವಾಸನೆ, ದಿನವಿಡೀ ಮಗುವನ್ನು ನೋಡಿಕೊಳ್ಳುವವರು ಯಾರು, ರಜೆ ಬಂದಾಗ ನೀನೇ ಬಂದು ಹೋಗು ಎಂದಳು. ಒಂದು ಮಾತಿನಲ್ಲೂ ಹುಳುಕಿರಲಿಲ್ಲ. ಇಷ್ಟು ದಿನ ಬಾಗಿಲು ಮುಚ್ಚಿದೆ ಎಂದು ಅವಳು ಹೆದರಿದ್ದಳು. ಈಗ ಅವರೇ ಬಾಗಿಲು ತೆರೆದು ನಿಂತಿದ್ದರು, ಅವಳೊಬ್ಬಳು ಹಾದುಹೋಗುವಷ್ಟು ಮಾತ್ರ.

ಅವಳು ಮಗಳ ಕಡೆ ನೋಡಿದಳು. ಈಗ ಅಳಲಿ, ಅಮ್ಮನನ್ನು ಬಿಟ್ಟಿರಲ್ಲ ಎಂದು ರಚ್ಚೆ ಹಿಡಿಯಲಿ, ಒಂದೇ ಒಂದು ಸಲ ಸೆರಗು ಜಗ್ಗಲಿ ಎಂದು ಕಾದಳು. ಮಗು ಅತ್ತರೆ ಸಾಕಿತ್ತು, ಆ ಅಳುವನ್ನೇ ಹಿಡಿದುಕೊಂಡು ಇಬ್ಬರೂ ಹೊರಟುಬಿಡಬಹುದಿತ್ತು.

ಚಿಟುಕಿ ಬಾಯಲ್ಲಿದ್ದ ತುತ್ತು ನುಂಗಿ, ದೊಡ್ಡವರ ಹಾಗೆ ಯೋಚಿಸಿದಳು.

“ಶನಿವಾರ ಬರ್ತೀಯಲ್ವಾ ಅಮ್ಮ?”

“ನಾನೆಲ್ಲೂ ಹೋಗಲ್ಲ,” ಎಂದಳು ತಾಯಿ. “ಊಟ ಮಾಡು.”

ಅತ್ತಿಗೆಯ ಮುಖ ಅರಳಿತು. ಕೇಳದೆಯೇ ನಾದಿನಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಅವಳು ಬೇಡ ಎನ್ನಲಿಲ್ಲ.