ಖಾಲಿ ಕ್ಯಾರಿಯರ್

ಹೋದ ವರ್ಷ ಸ್ಕೂಟರಿನವನೊಬ್ಬ ಗುದ್ದಿ ಕೆಡವಿದ ಮೇಲೆ ನಮ್ಮ ಮನೆಯವರು ಸೈಕಲ್ ಮುಟ್ಟಿರಲಿಲ್ಲ. ಕಾಲು ನೆಟ್ಟಗಾಯಿತು, ಧೈರ್ಯ ಮಾತ್ರ ಮರಳಲಿಲ್ಲ. ಗುಳೇದಗುಡ್ಡದಿಂದ ತಾವು ನೇಯ್ದ ಕುಪ್ಪಸದ ಖಣದ ಗಂಟು ಹೇರಿಕೊಂಡು ಕೆರೂರ ಸಂತೆಯವರೆಗೆ ಸೈಕಲ್ ತುಳಿದ ಮನುಷ್ಯ, ಈಗ ಬಾಗಲಕೋಟೆಯ ನವನಗರದಲ್ಲಿ ಮಗಳ ಮನೆಯ ಕಿಟಕಿ ಕಾಯುತ್ತ ಕೂತಿದ್ದರು. ಮಾತೂ ಕಡಿಮೆಯಾಗಿತ್ತು. ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಮಗಳು ಪ್ರಿಯದರ್ಶಿನಿ ಓಣಿಯವರನ್ನೆಲ್ಲ ಕೂಡಿಸಿ, ರವಿವಾರ ಬೆಳಗ್ಗೆ ನಮ್ಮ ರಸ್ತೆಯಲ್ಲಿ ಮೋಟಾರು ಗಾಡಿ ಬಂದ್ ಮಾಡಿಸಿದಳು. ಬರೀ ಸೈಕಲ್.

“ಅಪ್ಪಾ, ನೀ ಬಂದ್ರ ಹಿರ್ಯಾರು ನಾಕ ಮಂದಿ ಬರ್ತಾರ,” ಎಂದಳು.

“ನೋಡೂಣು,” ಎಂದರು. ಅವರ ಬಾಯಲ್ಲಿ ‘ನೋಡೂಣು’ ಎಂದರೆ ಒಲ್ಲೆ ಎಂದೇ ಅರ್ಥ. ಆದರೂ ರವಿವಾರ ಅಂಗಿ ಹಾಕಿಕೊಂಡು ಹೊರಬಿದ್ದರು.

ತಮ್ಮ ಹಳೇ ಸೈಕಲ್ ಹತ್ತಿದರು. ಹ್ಯಾಂಡಲ್ ಗಡಗಡ ನಡುಗಿತು. ನಾಲ್ಕು ಮಾರು ಹೋಗಿ ಕಾಲು ಊರಿಬಿಟ್ಟರು.

“ಆಗೂದಿಲ್ಲ ತಂಗಿ. ಇದನ್ನ ಗುಜರಿಗೆ ಹಾಕಿಬಿಡು,” ಎಂದು ಮಗಳಿಗೆ ಹೇಳಿ ತಲೆ ತಗ್ಗಿಸಿದರು.

ಆಗ ನನಗೆ ಹೊಳೆಯಿತು. ಈ ಮನುಷ್ಯ ಹುಟ್ಟಾ ಖಾಲಿ ಸೈಕಲ್ ಹೊಡೆದವರೇ ಅಲ್ಲ! ಹೋಗುವಾಗ ಖಣದ ಗಂಟು, ಬರುವಾಗ ನೂಲಿನ ಗಂಟು, ಎರಡೂ ಇಲ್ಲದಾಗ ಹಿಂದಿನ ಕ್ಯಾರಿಯರ್ ಮೇಲೆ ನಾನು. ಮದುವೆಯಾದ ಹೊಸದರಲ್ಲಿ ಬಾದಾಮಿಗೆ ಸಿನಿಮಾಕ್ಕೆ ಹಾಗೇ ಹೋಗುತ್ತಿದ್ದೆವು. ಸೀಟಿನ ಸ್ಪ್ರಿಂಗ್ ಹಿಡಿದು ಒಂದು ಮಗ್ಗುಲಾಗಿ ಕೂತರೆ ಅವರ ಅಂಗಿಯಿಂದ ಹೊಸ ಬಟ್ಟೆಯ ಗಂಜಿಯ ವಾಸನೆ. ಎದುರು ಬಂದವರು ಇಳಿದು, ನಿಂತು ಮಾತಾಡಿಸುತ್ತಿದ್ದರು. ದಾರಿಗೆ ಆಗ ಅಷ್ಟು ಪುರುಸೊತ್ತಿತ್ತು. ಸುಳ್ಳೇಕೆ ಹೇಳಲಿ, ಆ ದಿನಗಳು ನನಗೆ ಇನ್ನೂ ಬೇಕು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. “ಹೊಡೀರಿ, ನಾ ಹಿಂದ ಕುಂದ್ರತೇನಿ.”

“ಇಂದ್ರವ್ವಾ, ಹುಚ್ಚ ಹಿಡದೈತೇನ ನಿನಗ? ಬಿದ್ರ?”

“ಬಿದ್ರ ಇಬ್ರೂ ಬೀಳೂಣು. ಹೊಡೀರಿ ಅಂದ್ರ ಹೊಡೀರಿ.”

ಓಣಿಯೆಲ್ಲ ನಕ್ಕಿತು. “ಯಂಕಪ್ಪಜ್ಜಾ, ಬಿಡಬ್ಯಾಡ್ರಿ!” ಎಂದು ಪಕ್ಕದ ಮನೆಯ ರಂಜಾನಬಿ ಕೂಗಿದಳು. ಸೈಕಲ್ ಆ ಕಡೆ ಈ ಕಡೆ ಓಲಾಡಿತು, ನಾನು ಸೀಟಿನ ಸ್ಪ್ರಿಂಗ್ ಬಿಗಿಯಾಗಿ ಹಿಡಿದೆ. ಆಮೇಲೆ ನೆಟ್ಟಗಾಯಿತು. ಬೇವಿನ ಮರ ದಾಟುವಷ್ಟರಲ್ಲಿ ಅವರ ಬಾಯಿಯೂ ತೆರೆಯಿತು. ಕೆರೂರ ಸಂತೆಯ ಮಿರ್ಚಿ ಭಜಿ, ಮಳೆಯಲ್ಲಿ ತೊಯ್ದ ಗಂಟು, ಸತ್ತ ಗೆಳೆಯರು. ವರ್ಷದಲ್ಲಿ ಆಡದಷ್ಟು ಮಾತು.

ತಿರುವಿನಲ್ಲಿ ಸೈಕಲ್ ನಿಧಾನವಾಯಿತು. ನಾನು ಸದ್ದಿಲ್ಲದೆ ಇಳಿದುಬಿಟ್ಟೆ.

ಅವರು ನಿಲ್ಲಲಿಲ್ಲ. ಹ್ಯಾಂಡಲ್ ನಡುಗಲಿಲ್ಲ. ಭಾರ ಇಳಿದದ್ದು ತುಳಿಯುವ ಕಾಲಿಗೆ ತಿಳಿಯದೆ ಇದ್ದೀತೆ? ಆದರೂ ತಿರುಗಿ ನೋಡದೆ, ನನಗೇ ಎಂಬಂತೆ ಮಾತಾಡುತ್ತಲೇ ಹೋದರು.

“ಮುಂದಿನ ರವಿವಾರ ಹಳೇ ಬಾಗಲಕೋಟಿ ತನಾ ಹೋಗೂಣು. ಏನಂತಿ?”

ನಡುರಸ್ತೆಯಲ್ಲಿ ನಿಂತು, ಕಣ್ಣೊರೆಸಿಕೊಳ್ಳುತ್ತ, ಅವರಿಗೆ ಕೇಳುವ ಹಾಗೆ ಕೂಗಿದೆ: “ಹೂಂನ್ರೀ!”